ಕರ್ಮಪದವನ್ನು ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು? ಇಂಗ್ಲಿಷ್ ಕ್ರಿಯಾಪದಗಳ ಕುರಿತು ಒಂದು ಪರಿಚಯ

"ಹಣ್ಣು ತಂದೆಯಾ?" "ತಂದೆ." "ಎಲ್ಲಿ ಇಟ್ಟೆ?" "ಒಳಗೆ ಇಟ್ಟೆ." "ಅಜ್ಜಿಗೆ ಕೊಟ್ಟೆಯಾ?" "ಕೊಟ್ಟೆ."

ನಂಜನಗೂಡಿನ ಮಾರುಕಟ್ಟೆಯಿಂದ ಒಂದು ಚಿಪ್ಪು ರಸಬಾಳೆ ಬಂದ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಸಂಭಾಷಣೆ ಇದು. ಆರು ವಾಕ್ಯಗಳಲ್ಲಿ ಹಣ್ಣು ಎಂಬ ಪದ ಬಂದಿರುವುದು ಒಂದೇ ಸಲ. ಉಳಿದ ಐದು ವಾಕ್ಯಗಳಲ್ಲಿ ತಂದದ್ದು ಏನನ್ನು, ಇಟ್ಟದ್ದು ಏನನ್ನು, ಕೊಟ್ಟದ್ದು ಏನನ್ನು ಎಂಬುದನ್ನು ಯಾರೂ ಹೇಳಿಲ್ಲ. ಆದರೂ ಕನ್ನಡದ ಕಿವಿಗೆ ಎಲ್ಲಿಯೂ ಕೊರತೆ ಕಾಣುವುದಿಲ್ಲ. ಇದೇ ಸಂಭಾಷಣೆಯನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ 'ಐ ಬ್ರಾಟ್', 'ವೇರ್ ಡಿಡ್ ಯು ಪುಟ್', 'ಐ ಪುಟ್ ಇನ್‌ಸೈಡ್', 'ಐ ಗೇವ್' ಎಂಬ ವಾಕ್ಯಗಳು ದೊರೆಯುತ್ತವೆ. ಪರೀಕ್ಷಕರ ಕೆಂಪು ಶಾಯಿ ಈ ಒಂದೊಂದರ ಮೇಲೂ ಬೀಳುತ್ತದೆ. ಪ್ರತಿಯೊಂದರಲ್ಲಿಯೂ 'ಇಟ್' ಎಂಬ ಪುಟ್ಟ ಪದ ಕಾಣೆಯಾಗಿದೆ.

ಇಷ್ಟೇ ಆಗಿದ್ದರೆ 'ಕರ್ಮಪದವನ್ನು ಎಂದಿಗೂ ಬಿಡಬೇಡಿ' ಎಂದು ಹೇಳಿ ಪಾಠ ಮುಗಿಸಬಹುದಿತ್ತು. ಆದರೆ 'ಡಿಡ್ ಯು ಈಟ್?' ಎಂದು ಕೇಳಿದರೆ 'ಐ ಏಟ್' ಎಂದು ಉತ್ತರಿಸುವುದು ಶುದ್ಧ ಇಂಗ್ಲಿಷ್. 'ಬ್ರಿಂಗ್' ಕೂಡ ಸಕರ್ಮಕ, 'ಈಟ್' ಕೂಡ ಸಕರ್ಮಕ ಎಂದು ಶಾಲೆಯಲ್ಲಿ ಕಲಿತ ವಿದ್ಯಾರ್ಥಿಗೆ ಒಂದಕ್ಕಿರುವ ಸ್ವಾತಂತ್ರ್ಯ ಇನ್ನೊಂದಕ್ಕೆ ಏಕಿಲ್ಲ ಎಂಬ ಸಂದೇಹ ಹುಟ್ಟುವುದು ಸಹಜ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಸೇರಿದೆ. ಹತ್ತು ವರ್ಷ ಆ ಭಾಷೆಯನ್ನು ಓದಿದ ಮಕ್ಕಳೂ ಎಡವುವ ಸ್ಥಳ ಇದು. ಇದಕ್ಕೆ ಕಾರಣ ಮಕ್ಕಳ ದಡ್ಡತನವಲ್ಲ. ಕರ್ಮಪದವನ್ನು ಬಿಡುವ ಅಧಿಕಾರ ಕನ್ನಡದಲ್ಲಿ ಸಂದರ್ಭದ ಕೈಯಲ್ಲಿದೆ. ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಆಯಾ ಕ್ರಿಯಾಪದದ ಕೈಯಲ್ಲಿದೆ. ಈ ವ್ಯತ್ಯಾಸವನ್ನು ನಮ್ಮ ಪಠ್ಯಪುಸ್ತಕಗಳು ಬಿಡಿಸಿ ಹೇಳುವುದು ಅಪರೂಪ.

ಕನ್ನಡದ ಕ್ರಮ

ಕನ್ನಡ ವ್ಯಾಕರಣದ ಪಾಠದಲ್ಲಿ ಸಕರ್ಮಕ ಧಾತುವನ್ನು ಗುರುತಿಸಲು ಒಂದು ಸುಲಭ ಉಪಾಯವನ್ನು ಹೇಳಿಕೊಡುತ್ತಾರೆ. ಕ್ರಿಯಾಪದದ ಮುಂದೆ 'ಏನನ್ನು?' ಅಥವಾ 'ಯಾರನ್ನು?' ಎಂದು ಪ್ರಶ್ನಿಸಬೇಕು. ಉತ್ತರ ಬಂದರೆ ಸಕರ್ಮಕ, ಬಾರದಿದ್ದರೆ ಅಕರ್ಮಕ. 'ತಂದನು' ಎಂಬುದಕ್ಕೆ ಉತ್ತರವಿದೆ, 'ಮಲಗಿದನು' ಎಂಬುದಕ್ಕೆ ಇಲ್ಲ. ಆದರೆ ಆ ಉತ್ತರವನ್ನು ಬಾಯಿಬಿಟ್ಟು ಹೇಳಲೇಬೇಕೆಂಬ ನಿಯಮ ಕನ್ನಡದಲ್ಲಿಲ್ಲ. ಕೇಳುವವನಿಗೆ ತಿಳಿದಿದ್ದರೆ ಕರ್ತೃಪದವನ್ನೂ ಬಿಡಬಹುದು, ಕರ್ಮಪದವನ್ನೂ ಬಿಡಬಹುದು. ಕರ್ತೃವಿನ ಸುಳಿವನ್ನಾದರೂ ಕ್ರಿಯಾಪದದ ಕೊನೆಯ ಪ್ರತ್ಯಯ ಕೊಡುತ್ತದೆ. 'ತಂದೆನು' ಎಂದರೆ ನಾನು, 'ತಂದಳು' ಎಂದರೆ ಅವಳು. ಕರ್ಮಕ್ಕೆ ಅಂತಹ ಯಾವ ಗುರುತೂ ಕ್ರಿಯಾಪದದಲ್ಲಿಲ್ಲ. ಆದರೂ ಬಿಡುತ್ತೇವೆ. ಹೀಗೆ ಹೇಳದೆ ಉಳಿದ ಪದವನ್ನು ಸಂದರ್ಭದಿಂದ ತಂದುಕೊಳ್ಳುವುದಕ್ಕೆ ನಮ್ಮ ಪರಂಪರೆಯಲ್ಲಿ ಅಧ್ಯಾಹಾರ ಎಂಬ ಹೆಸರಿದೆ. ಅಧ್ಯಾಹಾರದಲ್ಲಿ ಧಾತು ಅಕರ್ಮಕವಾಗುವುದಿಲ್ಲ. ಕರ್ಮ ಇದ್ದೇ ಇರುತ್ತದೆ, ಅದನ್ನು ಕೇಳುಗನು ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾನೆ.

ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದ್ದು ಸುಮಾರು 1260ರಲ್ಲಿ. ಇಂದಿನ ತಿ.ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಕೇಶವ ದೇವಾಲಯ ಎದ್ದದ್ದೂ ಅದೇ ಕಾಲದಲ್ಲಿ, 1258ರಲ್ಲಿ. ಎರಡೂ ಹೊಯ್ಸಳರ ಕಾಲದವು. ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವ್ಯಾಕರಣ ಗ್ರಂಥಕ್ಕೆ ಅಂತಹ ಪಟ್ಟಿಯಿಲ್ಲ. ಕೇಶಿರಾಜನ ಕಾಲದ ಹಳಗನ್ನಡದಲ್ಲಿ 'ಅಂ' ಎಂದಿದ್ದ ದ್ವಿತೀಯಾ ವಿಭಕ್ತಿ ಪ್ರತ್ಯಯ ಹೊಸಗನ್ನಡದಲ್ಲಿ 'ಅನ್ನು' ಆಗಿದೆ. ನಮ್ಮ ವಿಷಯಕ್ಕೆ ಈ 'ಅನ್ನು' ಬಹಳ ಮುಖ್ಯವಾದುದು.

'ಹಾಲು ಕುಡಿದನು' ಮತ್ತು 'ಹಾಲನ್ನು ಕುಡಿದನು' ಎಂಬ ಎರಡು ವಾಕ್ಯಗಳನ್ನು ಗಮನಿಸಬೇಕು. ಮೊದಲನೆಯದು ಹಾಲು ಕುಡಿಯುವ ಕೆಲಸವನ್ನು ಹೇಳುತ್ತದೆ. ಎರಡನೆಯದನ್ನು ಕೇಳಿದಾಗ ಲೋಟದಲ್ಲಿ ಇಟ್ಟಿದ್ದ, ನಮಗಿಬ್ಬರಿಗೂ ಗೊತ್ತಿದ್ದ ಆ ಹಾಲು ನೆನಪಾಗುತ್ತದೆ. 'ಬಟ್ಟೆ ಒಗೆದಳು', 'ಹೊಲ ಉತ್ತನು', 'ಬೀಜ ಬಿತ್ತಿದರು', 'ಅಡಿಗೆ ಮಾಡಿದಳು', 'ಗಾಡಿ ಓಡಿಸುತ್ತಾನೆ' ಇವೆಲ್ಲ ಪ್ರತ್ಯಯವಿಲ್ಲದ ಪ್ರಯೋಗಗಳು. ಇಲ್ಲಿ ಕರ್ಮಪದವು ಕ್ರಿಯೆಯೊಡನೆ ಬೆರೆತು ಒಂದೇ ಕೆಲಸದ ಹೆಸರಿನಂತಾಗಿದೆ. ಯಾವ ಬಟ್ಟೆ, ಯಾವ ಹೊಲ ಎಂಬುದು ಮುಖ್ಯವಲ್ಲ. ನಿರ್ಜೀವ ವಸ್ತುಗಳಿಗೆ ಮಾತ್ರ ಈ ಸವಲತ್ತು ಸಲ್ಲುತ್ತದೆ ಎಂಬುದು ಸ್ಥೂಲವಾದ ನಿಯಮ. 'ಹುಡುಗನನ್ನು ಕರೆದರು' ಎಂಬಲ್ಲಿ ಪ್ರತ್ಯಯ ಬಿಟ್ಟರೆ ಹುಡುಗನೇ ಕರೆದಂತಾಗುತ್ತದೆ.

ಈಗ ಇಂಗ್ಲಿಷಿನ ಕಡೆಗೆ ತಿರುಗಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಮೇಲಿನ ಪ್ರತ್ಯಯವಿಲ್ಲದ ಪ್ರಯೋಗಗಳನ್ನು ಅನುವಾದಿಸಿದರೆ 'ಷೀ ವಾಷ್ಡ್', 'ಹೀ ಪ್ಲೌಡ್', 'ದೇ ಸೋಡ್', 'ಷೀ ಕುಕ್ಡ್', 'ಹೀ ಡ್ರೈವ್ಸ್' ಎಂದು ಕರ್ಮವಿಲ್ಲದೆಯೇ ಹೇಳಬಹುದು. ಕನ್ನಡ ಎಲ್ಲಿ ಪ್ರತ್ಯಯವನ್ನು ಬಿಡುತ್ತದೆಯೋ ಅಲ್ಲಿ ಅನೇಕ ವೇಳೆ ಇಂಗ್ಲಿಷ್ ಪದವನ್ನೇ ಬಿಡುತ್ತದೆ. ಕನ್ನಡ ಎಲ್ಲಿ ಇಡೀ ಪದವನ್ನು ಬಿಡುತ್ತದೆಯೋ ಅಲ್ಲಿ ಇಂಗ್ಲಿಷ್ 'ಇಟ್' ಎಂಬ ಸರ್ವನಾಮವನ್ನು ಕೇಳುತ್ತದೆ. ಇದು ಎಲ್ಲ ಕಡೆ ಸರಿಹೋಗುವ ಸೂತ್ರವಲ್ಲ. ಆದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ತನ್ನ ಭಾಷೆಯೊಳಗಿನಿಂದಲೇ ದೊರೆಯುವ ಇಷ್ಟು ಒಳ್ಳೆಯ ಸುಳಿವು ಬೇರೊಂದಿಲ್ಲ.

ಇಂಗ್ಲಿಷಿನ ಎರಡು ಬಗೆಯ ಲೋಪ

ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್‌ಮೋರ್ 1986ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇಂಗ್ಲಿಷಿನ ಈ ಲೋಪಗಳನ್ನು ಎರಡಾಗಿ ವಿಂಗಡಿಸಿದರು. ಮೊದಲನೆಯದು ಅನಿರ್ದಿಷ್ಟ ಲೋಪ. ತಿಂದದ್ದು ಏನೋ ಒಂದು, ಅದು ಯಾವುದಾದರೂ ಆಗಬಹುದು, ಹೇಳುವವನಿಗೆ ಅದು ಮುಖ್ಯವಲ್ಲ. ಎರಡನೆಯದು ನಿರ್ದಿಷ್ಟ ಲೋಪ. ಬಿಟ್ಟದ್ದು ಯಾವುದೆಂದು ಹೇಳುವವನಿಗೂ ಕೇಳುವವನಿಗೂ ತಿಳಿದಿರಬೇಕು. ಎರಡನ್ನೂ ಬೇರ್ಪಡಿಸಲು ಅವರು ಹೇಳಿದ ಪರೀಕ್ಷೆ ಸರಳವಾಗಿದೆ. ವಾಕ್ಯದ ಕೊನೆಗೆ 'ಏನನ್ನೋ ನಾನರಿಯೆ' ಎಂಬ ಅರ್ಥದ ಮಾತನ್ನು ಸೇರಿಸಿ ನೋಡಬೇಕು. 'ಅವನು ತಿನ್ನುತ್ತಿದ್ದ, ಏನನ್ನೋ ನಾನರಿಯೆ' ಎಂಬುದು 'ಈಟ್' ಜೊತೆ ಸಲೀಸಾಗಿ ಹೊಂದುತ್ತದೆ. ಪತ್ತೆ ಹಚ್ಚು ಎಂಬರ್ಥದ 'ಫೈಂಡ್ ಔಟ್' ಜೊತೆ ಹೊಂದುವುದಿಲ್ಲ. 'ಹೀ ಫೌಂಡ್ ಔಟ್' ಎಂದಾಗ ಪತ್ತೆಯಾದದ್ದು ಏನೆಂಬುದು ಆಗಲೇ ನಮ್ಮ ಮಾತಿನಲ್ಲಿ ಬಂದಿರಬೇಕು.

ಅನಿರ್ದಿಷ್ಟ ಲೋಪಕ್ಕೆ ಒಪ್ಪುವ ಕ್ರಿಯಾಪದಗಳು ಬಹುಮಟ್ಟಿಗೆ ದಿನನಿತ್ಯದ ಕೆಲಸಗಳ ಹೆಸರುಗಳು. 'ಈಟ್', 'ಡ್ರಿಂಕ್', 'ರೀಡ್', 'ರೈಟ್', 'ಸಿಂಗ್', 'ಕುಕ್', 'ಸ್ವೀಪ್', 'ಸೋ', 'ಹಂಟ್' ಮೊದಲಾದವು. ಇವು ಕೆಲಸದ ಮೇಲೆ ಒತ್ತು ಕೊಡುತ್ತವೆ, ಫಲದ ಮೇಲಲ್ಲ. 'ಈಟ್' ಎಂಬುದಕ್ಕೆ ಅತಿ ಹತ್ತಿರದ 'ಡಿವೋರ್', ಅಂದರೆ ಕಬಳಿಸು, ಕರ್ಮವಿಲ್ಲದೆ ನಿಲ್ಲದು. ಅದರಲ್ಲಿ ಎದುರಿಗಿದ್ದುದನ್ನು ಪೂರ್ತಿ ಮುಗಿಸಿದ ಅರ್ಥವಿದೆ, ಹಾಗಾಗಿ ಮುಗಿಸಿದ್ದು ಏನೆಂದು ಹೇಳಲೇಬೇಕು. ಇನ್ನೊಂದು ಬದಿಗೆ 'ಡೈನ್' ಎಂಬ ಕ್ರಿಯಾಪದವಿದೆ. ಊಟ ಎಂಬುದು ಅದರ ಹೊಟ್ಟೆಯೊಳಗೇ ಇರುವುದರಿಂದ ಅದರ ಮುಂದೆ ಅನ್ನವನ್ನೋ ರಾಗಿಮುದ್ದೆಯನ್ನೋ ಇಡುವಂತೆಯೇ ಇಲ್ಲ. ಮೂರೂ ತಿನ್ನುವ ಕೆಲಸಗಳೇ. ಒಂದಕ್ಕೆ ಕರ್ಮ ಕಡ್ಡಾಯ, ಒಂದಕ್ಕೆ ಐಚ್ಛಿಕ, ಒಂದಕ್ಕೆ ನಿಷಿದ್ಧ. ಅರ್ಥವೊಂದನ್ನೇ ನೋಡಿ ನಿಯಮ ಊಹಿಸಹೊರಟರೆ ಕೈಸುಟ್ಟುಕೊಳ್ಳುವುದು ಇಂತಹ ಕಡೆಗಳಲ್ಲಿಯೇ.

ನಿರ್ದಿಷ್ಟ ಲೋಪ ಕನ್ನಡದ ಅಧ್ಯಾಹಾರಕ್ಕೆ ಹತ್ತಿರದ್ದು. ಆದರೆ ಇಂಗ್ಲಿಷಿನಲ್ಲಿ ಅದಕ್ಕೆ ಅವಕಾಶವಿರುವ ಕ್ರಿಯಾಪದಗಳ ಗುಂಪು ಚಿಕ್ಕದು: 'ನೋ', 'ಅಂಡರ್‌ಸ್ಟ್ಯಾಂಡ್', 'ರಿಮೆಂಬರ್', 'ಫರ್ಗೆಟ್', 'ನೋಟಿಸ್', 'ಟ್ರೈ', 'ಪ್ರಾಮಿಸ್', 'ವಿನ್', 'ಲೂಸ್' ಮತ್ತು ಇಂತಹ ಕೆಲವು. ಈ ಗುಂಪಿನೊಳಗೂ ಒಂದು ಸೂಕ್ಷ್ಮವಿದೆ. 'ತಲಕಾಡು ಯಾವ ತಾಲ್ಲೂಕಿನಲ್ಲಿದೆ ಗೊತ್ತೇ?' ಎಂದು ಇಂಗ್ಲಿಷಿನಲ್ಲಿ ಕೇಳಿದರೆ 'ಐ ನೋ' ಎಂಬುದು ಸರಿಯುತ್ತರ. 'ತಲಕಾಡು ಗೊತ್ತೇ?' ಎಂದು ಊರಿನ ಬಗ್ಗೆಯೇ ಕೇಳಿದರೆ 'ಐ ನೋ' ಸಾಲದು, 'ಐ ನೋ ಇಟ್' ಎನ್ನಬೇಕು. ಬಿಟ್ಟುಹೋದದ್ದು ಒಂದು ಸಂಗತಿಯಾದರೆ ಲೋಪಕ್ಕೆ ಒಪ್ಪಿಗೆ, ಒಂದು ವಸ್ತುವಾದರೆ ಒಪ್ಪಿಗೆಯಿಲ್ಲ. 'ಫರ್ಗೆಟ್' ವಿಷಯವೂ ಅಷ್ಟೆ. ಬಾಗಿಲು ಹಾಕುವುದನ್ನು ಮರೆತವನು 'ಐ ಫರ್ಗಾಟ್' ಎನ್ನಬಹುದು. ಕೊಡೆಯನ್ನು ಬಸ್ಸಿನಲ್ಲಿ ಮರೆತುಬಂದವನು 'ಐ ಫರ್ಗಾಟ್ ಇಟ್' ಎನ್ನಬೇಕು. ಪಂದ್ಯವನ್ನು ಗೆದ್ದವನು 'ಐ ವನ್' ಎನ್ನಬಹುದು. ಬೆಳ್ಳಿಯ ಬಟ್ಟಲನ್ನು ಗೆದ್ದವನು ಬಟ್ಟಲನ್ನು ಹೆಸರಿಸಬೇಕು.

'ಹೇಳಿದೆನಲ್ಲ' ಎಂಬ ಮಾತು ನಮ್ಮ ಕಡೆ 'ಐ ಟೋಲ್ಡ್, ನೋ?' ಎಂದು ಇಂಗ್ಲಿಷ್ ವೇಷ ತೊಟ್ಟು ಬರುವುದನ್ನು ಎಲ್ಲರೂ ಕೇಳಿದ್ದಾರೆ. 'ಟೆಲ್' ಕ್ರಿಯಾಪದಕ್ಕೆ ಹೇಳಿದ ವಿಷಯವನ್ನು ಬಿಡುವ ಅನುಮತಿಯಿದೆ, ಕೇಳಿದ ವ್ಯಕ್ತಿಯನ್ನು ಬಿಡುವ ಅನುಮತಿಯಿಲ್ಲ. 'ಐ ಟೋಲ್ಡ್ ಯು' ಎಂದರೆ ವಾಕ್ಯ ಪೂರ್ಣವಾಗುತ್ತದೆ. 'ಇಷ್ಟವಾಯಿತು' ಎಂಬುದರ ತೊಡಕು ಬೇರೆ ಬಗೆಯದು. ಕನ್ನಡದಲ್ಲಿ 'ನನಗೆ ಇಷ್ಟವಾಯಿತು' ಎನ್ನುವಾಗ ಇಷ್ಟವಾದ ವಸ್ತು ಕರ್ತೃಸ್ಥಾನದಲ್ಲಿದೆ. ಇಂಗ್ಲಿಷಿನ 'ಲೈಕ್' ಅದನ್ನು ಕರ್ಮಸ್ಥಾನಕ್ಕೆ ತಳ್ಳುತ್ತದೆ. ಅಪ್ಪ ಹೊಸ ಸೈಕಲ್ ತಂದದ್ದನ್ನು ಬರೆದ ವಿದ್ಯಾರ್ಥಿ ಮುಂದಿನ ಸಾಲಿನಲ್ಲಿ 'ಐ ಲೈಕ್ಡ್ ವೆರಿ ಮಚ್' ಎಂದು ನಿಲ್ಲಿಸುವುದು ಈ ಅದಲುಬದಲಿನ ಫಲ. 'ಬೇಕು' ಎಂಬುದನ್ನು 'ಐ ವಾಂಟ್' ಎಂದು ನಿಲ್ಲಿಸುವುದೂ ಹಾಗೆಯೇ.

ಬಿಟ್ಟಾಗ ಅರ್ಥ ಕಿರಿದಾಗುವ ಪದಗಳು

ಕೆಲವು ಕ್ರಿಯಾಪದಗಳಲ್ಲಿ ಕರ್ಮವನ್ನು ಬಿಟ್ಟರೆ ಏನೋ ಒಂದು ಎಂಬ ಅರ್ಥ ಉಳಿಯುವುದಿಲ್ಲ, ಒಂದು ನಿಶ್ಚಿತ ಅರ್ಥವೇ ಬಂದು ಕೂರುತ್ತದೆ. 'ಹೀ ಡ್ರಿಂಕ್ಸ್' ಎಂದರೆ ಅವನು ಮಜ್ಜಿಗೆ ಕುಡಿಯುತ್ತಾನೆಂದಲ್ಲ. ಇದನ್ನು ಕನ್ನಡಿಗರಿಗೆ ವಿವರಿಸುವ ಅಗತ್ಯವಿಲ್ಲ, 'ಅವನು ಕುಡಿಯುತ್ತಾನೆ' ಎಂಬ ಮಾತಿಗೂ ಅದೇ ಅರ್ಥ. 'ಸ್ಮೋಕ್' ಮತ್ತು 'ಸೇದು' ಕೂಡ ಹೊಂದುತ್ತವೆ. ಆಸ್ಪತ್ರೆಯ ನಮೂನೆಯಲ್ಲಿ ಈ ಎರಡು ಪ್ರಶ್ನೆಗಳನ್ನು ಕಂಡವರು ಕರ್ಮಪದವನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ.

ಎಲ್ಲ ಕಡೆಯೂ ಹೀಗೆ ಹೊಂದುವುದಿಲ್ಲ ಎಂಬುದೇ ತೊಂದರೆ. 'ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ' ಎಂದರೆ ಕಾಲೇಜಿಗೆ ಹೋಗುತ್ತಿದ್ದಾಳೆ ಎಂದರ್ಥ. ಇದನ್ನು 'ರೀಡಿಂಗ್' ಎಂದು ಅನುವಾದಿಸಿದರೆ ಅವಳು ಎಲ್ಲಿಯೋ ಕುಳಿತು ಪುಸ್ತಕವನ್ನೋ ಪತ್ರಿಕೆಯನ್ನೋ ಓದುತ್ತಿರುವ ಚಿತ್ರ ಮೂಡುತ್ತದೆ; ಇಲ್ಲಿಗೆ 'ಸ್ಟಡಿಯಿಂಗ್' ಬೇಕು. 'ಅವಳನ್ನು ಎಲ್ಲಿಗೆ ಕೊಟ್ಟಿದ್ದೀರಿ?' 'ನರಸೀಪುರಕ್ಕೆ ಕೊಟ್ಟಿದ್ದೇವೆ' ಎಂಬ ಮಾತಿನಲ್ಲಿರುವ ಮದುವೆ ಇಂಗ್ಲಿಷಿನ 'ಗಿವ್' ಪದದಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷಿನ 'ಗಿವ್' ಕರ್ಮವನ್ನು ಬಿಟ್ಟು ನಿಂತಾಗ ದಾನ ಕೊಡುವುದು ಎಂದಾಗುತ್ತದೆ. ಅಂದರೆ ನಮ್ಮ ಆರಂಭದ ಸಂಭಾಷಣೆಯ 'ಐ ಗೇವ್' ಎಂಬ ಉತ್ತರ ಕೇಳಿದ ಆಂಗ್ಲನಿಗೆ ಅಜ್ಜಿಗೆ ಬಾಳೆಹಣ್ಣು ತಲುಪಿದ ಸುದ್ದಿ ತಿಳಿಯುವುದಿಲ್ಲ, ಹುಂಡಿಗೆ ಕಾಣಿಕೆ ಬಿದ್ದಂತೆ ಕೇಳಿಸುತ್ತದೆ. 'ಷೀ ಈಸ್ ಎಕ್ಸ್‌ಪೆಕ್ಟಿಂಗ್' ಎಂದರೆ ಗರ್ಭಿಣಿ ಎಂದು, 'ಹೀ ಪ್ರೊಪೋಸ್ಡ್' ಎಂದರೆ ಮದುವೆಯಾಗುವೆಯಾ ಎಂದು ಕೇಳಿದ ಎಂದು ಅರ್ಥ. ಇವನ್ನು ಒಂದೊಂದಾಗಿ ಕಲಿಯದೆ ಗತ್ಯಂತರವಿಲ್ಲ.

ಕಪಿಲಾ ತೀರದ ಕ್ರಿಯಾಪದಗಳು

ಬಿಟ್ಟ ಕರ್ಮವು 'ತನ್ನನ್ನೇ' ಎಂದಾಗುವ ಇನ್ನೊಂದು ವರ್ಗವಿದೆ. 'ವಾಷ್', 'ಬೇದ್', 'ಷೇವ್', 'ಡ್ರೆಸ್' ಇವು ಕರ್ಮವಿಲ್ಲದೆ ಬಂದರೆ ಕೆಲಸ ಮಾಡುವವನ ಮೈಗೇ ಸಂಬಂಧಿಸುತ್ತವೆ. ಕನ್ನಡ ಇಲ್ಲಿ 'ಕೊಳ್ಳು' ಎಂಬ ಸಹಾಯಕ ಧಾತುವನ್ನು ಬಳಸಿ 'ತೊಳೆದುಕೊಂಡನು', 'ಹಾಕಿಕೊಂಡಳು' ಎನ್ನುತ್ತದೆ. ನಂಜನಗೂಡಿಗೆ ಬಂದ ಭಕ್ತರು ಕಪಿಲೆಯಲ್ಲಿ ಮಿಂದು, ಹರಕೆಯಿದ್ದವರು ಮುಡಿ ಕೊಟ್ಟು, ಶ್ರೀಕಂಠೇಶ್ವರನ ದರ್ಶನ ಪಡೆಯುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ದೇ ಬೇದ್ಡ್' ಎಂಬುದು ಸರಿ. 'ದೇ ಷೇವ್ಡ್' ಎಂದು ಬರೆದರೆ ಮಾತ್ರ ಭಕ್ತರು ಮುಖಕ್ಷೌರ ಮಾಡಿಕೊಂಡರು ಎಂದಾಗುತ್ತದೆ, ಏಕೆಂದರೆ 'ಷೇವ್' ಬಿಟ್ಟುಕೊಡುವ ಕರ್ಮ ಗಡ್ಡವೊಂದೇ. ತಲೆಯ ಮುಡಿಯಾದರೆ ತಲೆ ಎಂಬ ಪದವನ್ನು ಹೇಳಬೇಕು.

ಅದೇ ಕಪಿಲೆ ಮುಂದೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಊರಿನ ಹೆಸರಿನಲ್ಲಿಯೇ ಕೂಡುವ ಕ್ರಿಯೆಯಿದೆ. 'ಕಪಿಲೆ ಕಾವೇರಿಯನ್ನು ಕೂಡುತ್ತಾಳೆ' ಎಂದರೆ ಸಕರ್ಮಕ, 'ಕಪಿಲೆ ಕಾವೇರಿಯರು ಕೂಡುತ್ತಾರೆ' ಎಂದರೆ ಕರ್ಮಕ್ಕೆ ಸ್ಥಳವಿಲ್ಲ. ಇಂಗ್ಲಿಷಿನ 'ಮೀಟ್' ಕೂಡ ಇದೇ ದಾರಿ ಹಿಡಿಯುತ್ತದೆ. ಇಬ್ಬರು ಕರ್ತೃಗಳಿದ್ದರೆ 'ಒಬ್ಬರನ್ನೊಬ್ಬರು' ಎಂಬುದನ್ನು ಬಿಡಬಹುದು. ಒಬ್ಬನೇ ಕರ್ತೃವಿದ್ದು ಸಂಧಿಸಿದ್ದು ಯಾರನ್ನು ಎಂಬುದನ್ನು ಹೇಳದೆ 'ಐ ಮೆಟ್' ಎಂದರೆ ವಾಕ್ಯ ಅರ್ಧಕ್ಕೆ ನಿಂತಂತಾಗುತ್ತದೆ.

ಇದರೊಡನೆ ಗೊಂದಲ ಮಾಡಿಕೊಳ್ಳಬಾರದ ಒಂದು ಜೋಡಿ ಇದೆ. 'ಮಡಕೆ ಒಡೆಯಿತು' ಎಂಬಲ್ಲಿಯೂ 'ದಿ ಪಾಟ್ ಬ್ರೋಕ್' ಎಂಬಲ್ಲಿಯೂ ಕರ್ಮ ಬಿಟ್ಟುಹೋಗಿಲ್ಲ. ಕರ್ಮವಾಗಬೇಕಾದುದೇ ಕರ್ತೃವಿನ ಪೀಠದಲ್ಲಿ ಕುಳಿತಿದೆ, ಹೋದದ್ದು ಒಡೆದವನ ಹೆಸರು.

'ಕೊಂದಿತು' ಎಂಬುದರ ಕರ್ಮ

ಕರ್ಮಪದದ ಲೋಪ ಅಂಕಗಳ ಪ್ರಶ್ನೆ ಮಾತ್ರವಲ್ಲ ಎಂಬುದಕ್ಕೆ 'ಕಿಲ್' ಕ್ರಿಯಾಪದವನ್ನು ನೋಡಬೇಕು. 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗಿನ ಅವಧಿಯಲ್ಲಿ ತಿ.ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ವಿದ್ಯಾರ್ಥಿಗಳೂ ಸೇರಿದಂತೆ ನಾಲ್ವರು ಬಲಿಯಾದರು. ಇಂತಹ ಸುದ್ದಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಕುಳಿತವನು 'ಚಿರತೆ ಕೊಂದಿತು' ಎಂಬುದನ್ನು 'ಲೆಪರ್ಡ್ ಕಿಲ್ಡ್' ಎಂದು ಶೀರ್ಷಿಕೆಯಾಗಿಸಿದರೆ ಸುದ್ದಿ ತಲೆಕೆಳಗಾಗುತ್ತದೆ. ಇಂಗ್ಲಿಷ್ ಶೀರ್ಷಿಕೆಗಳಲ್ಲಿ 'ವಾಸ್' ಎಂಬ ಸಹಾಯಕ ಕ್ರಿಯಾಪದವನ್ನು ಬಿಡುವ ವಾಡಿಕೆಯಿರುವುದರಿಂದ ಅದನ್ನು ಓದಿದವರೆಲ್ಲ ಚಿರತೆಯೇ ಸತ್ತಿತು ಎಂದು ತಿಳಿಯುತ್ತಾರೆ. ಹಳ್ಳಿಯವರು ಭಯದಲ್ಲಿ ಬಾಗಿಲು ಹಾಕಿಕೊಂಡಿರುವಾಗ ದೂರದ ಓದುಗನಿಗೆ ಅಪಾಯ ಕಳೆಯಿತೆಂಬ ಸಮಾಧಾನ ದೊರೆಯುತ್ತದೆ. 'ಕಿಲ್' ಫಲಪ್ರಧಾನವಾದ ಕ್ರಿಯಾಪದ. ಕೊಲೆಗೊಬ್ಬ ಬಲಿ ಇರಲೇಬೇಕು, ಆ ಬಲಿಯನ್ನು ಹೆಸರಿಸಲೇಬೇಕು.

ಆದರೆ 'ಲೆಪರ್ಡ್ ಕಿಲ್ಸ್ ಅಗೇನ್' ಎಂದು ಬರೆದರೆ ಅದು ಸರಿಯಾದ ಇಂಗ್ಲಿಷ್, ಕರ್ಮವಿಲ್ಲದಿದ್ದರೂ! ಅಡೀಲ್ ಗೋಲ್ಡ್‌ಬರ್ಗ್ ಎಂಬ ಭಾಷಾವಿಜ್ಞಾನಿ 2001ರಲ್ಲಿ ಇಂತಹ ವಾಕ್ಯಗಳನ್ನು ಚರ್ಚಿಸಿ, ಹುಲಿಗಳು ರಾತ್ರಿಯಲ್ಲಿ ಮಾತ್ರ ಕೊಲ್ಲುತ್ತವೆ ಎಂಬರ್ಥದ ಉದಾಹರಣೆಯನ್ನು ಪ್ರಸಿದ್ಧಗೊಳಿಸಿದರು. ಕ್ರಿಯೆ ಮತ್ತೆ ಮತ್ತೆ ನಡೆಯುವಂಥದ್ದಾಗಿ, ವಾಕ್ಯದ ಒತ್ತು ಕ್ರಿಯೆಯ ಮೇಲೋ ಅದರ ವೇಳೆಯ ಮೇಲೋ ಬಿದ್ದು, ಬಲಿ ಯಾರೆಂಬುದು ಹಿನ್ನೆಲೆಗೆ ಸರಿದಾಗ ಫಲಪ್ರಧಾನ ಕ್ರಿಯಾಪದಗಳೂ ಕರ್ಮವನ್ನು ಬಿಟ್ಟುಕೊಡುತ್ತವೆ. ಮೇಲೆ ಕ್ರಿಯಾಪದವೇ ಯಜಮಾನ ಎಂದು ಹೇಳಿದ್ದಕ್ಕೆ ಇದೊಂದು ಮುಖ್ಯ ಅಪವಾದ. ರೂಢಿ, ಪುನರಾವರ್ತನೆ, ವೈದೃಶ್ಯ ಇವು ಬಂದಾಗ ನಿಯಮ ಸಡಿಲುತ್ತದೆ. 'ಬೈ' ಎಂಬ ಕೊಳ್ಳುವ ಕ್ರಿಯಾಪದ ಒಂಟಿಯಾಗಿ ಕರ್ಮವನ್ನು ಬಿಡದು. 'ಹೀ ಬೈಸ್ ಅಂಡ್ ಸೆಲ್ಸ್' ಎಂದು ಮಾರುವುದರ ಜೊತೆ ಬಂದಾಗ ಬಿಡುತ್ತದೆ. ನಿನ್ನೆಯ ಒಂದು ನಿರ್ದಿಷ್ಟ ಘಟನೆಯನ್ನು ವರದಿ ಮಾಡುವಾಗ ಈ ಸಡಿಲಿಕೆ ದೊರೆಯುವುದು ಕಷ್ಟ.

ಸಂಸ್ಕೃತ ವ್ಯಾಕರಣ ಪರಂಪರೆಯನ್ನು ಬಲ್ಲ ವಾಚಕರಿಗೆ ಇದೆಲ್ಲ ಹೊಸದೆನಿಸಲಾರದು. ಭರ್ತೃಹರಿಯು ವಾಕ್ಯಪದೀಯದಲ್ಲಿ ಸಕರ್ಮಕ ಕ್ರಿಯೆ ಅಕರ್ಮಕವಾಗಲು ನಾಲ್ಕು ಕಾರಣಗಳನ್ನು ಹೇಳಿದ್ದಾನೆ. ಧಾತುವಿಗೆ ಬೇರೆ ಅರ್ಥ ಬಂದಾಗ, ಕರ್ಮವು ಧಾತುವಿನ ಅರ್ಥದಲ್ಲಿಯೇ ಅಡಗಿದ್ದಾಗ, ಕರ್ಮವು ಲೋಕಪ್ರಸಿದ್ಧವಾಗಿದ್ದಾಗ, ಮತ್ತು ಕರ್ಮವನ್ನು ಹೇಳುವ ಇಚ್ಛೆಯಿಲ್ಲದಿದ್ದಾಗ. ಹೊರೆಯನ್ನು ಹೊರುವ 'ವಹ್' ಧಾತು ನದಿಗೆ ಬಂದಾಗ ಹರಿಯುವುದಾಗುವುದು ಮೊದಲನೆಯದಕ್ಕೆ, ಮೋಡ ಮಳೆಗರೆಯುವಾಗ ನೀರನ್ನು ಎಂದು ಹೇಳದಿರುವುದು ಮೂರನೆಯದಕ್ಕೆ ಉದಾ‌ಹರಣೆ. ಇಂಗ್ಲಿಷಿನ 'ಡೈನ್' ಎರಡನೆಯ ಕಾರಣದ ಕೆಳಗೆ, 'ಡ್ರಿಂಕ್' ಮೂರನೆಯದರ ಕೆಳಗೆ, ಗೋಲ್ಡ್‌ಬರ್ಗ್ ಹೇಳಿದ ಹುಲಿಗಳು ನಾಲ್ಕನೆಯದರ ಕೆಳಗೆ ತಾವಾಗಿ ಬಂದು ಕೂರುತ್ತವೆ. ಸುಮಾರು ಐದನೆಯ ಶತಮಾನದ ವೈಯಾಕರಣನ ವಿಂಗಡಣೆ ಇಂಗ್ಲಿಷ್ ತರಗತಿಯಲ್ಲಿಯೂ ಉಪಯೋಗಕ್ಕೆ ಬರುವುದಾದರೆ ಅದನ್ನು ಬಳಸಿಕೊಳ್ಳಲು ಸಂಕೋಚವೇಕೆ?

ಪೊಟ್ಟಣದ ಮೇಲಿನ ಭಾಷೆ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆಹಾರ, ಪಾನೀಯ, ಔಷಧ ತಯಾರಿಸುವ ಕಾರ್ಖಾನೆಗಳಿವೆ. ಸುತ್ತಲಿನ ಹಳ್ಳಿಗಳ ಯುವಕ ಯುವತಿಯರು ಅಲ್ಲಿ ದಿನವೂ ನೋಡುವ ಇಂಗ್ಲಿಷ್ ಪಠ್ಯಪುಸ್ತಕದ್ದಲ್ಲ, ಪೆಟ್ಟಿಗೆ ಪೊಟ್ಟಣಗಳದ್ದು. 'ಹ್ಯಾಂಡಲ್ ವಿತ್ ಕೇರ್', 'ಕೀಪ್ ಡ್ರೈ', 'ಶೇಕ್ ವೆಲ್ ಬಿಫೋರ್ ಯೂಸ್', 'ಸ್ಟೋರ್ ಇನ್ ಎ ಕೂಲ್ ಪ್ಲೇಸ್'. ಈ ನಾಲ್ಕರಲ್ಲಿ ಒಂದರಲ್ಲಿಯೂ ಕರ್ಮವಿಲ್ಲ. 'ಕೀಪ್' ಎಂಬುದಂತೂ ಸಾಮಾನ್ಯ ವಾಕ್ಯದಲ್ಲಿ ಕರ್ಮವನ್ನು ಬಿಡಲೊಪ್ಪದ ಕ್ರಿಯಾಪದ. ಆದರೆ ಸೂಚನೆಗಳ ಭಾಷೆಗೆ ಬೇರೆಯೇ ಕಾನೂನು. ಸೂಚನೆಯನ್ನು ಯಾವ ವಸ್ತುವಿನ ಮೇಲೆ ಅಂಟಿಸಲಾಗಿದೆಯೋ ಆ ವಸ್ತುವೇ, ಅಥವಾ ಅದರೊಳಗಿರುವುದೇ ಕರ್ಮ. ಕಣ್ಣೆದುರಿಗೆ ಇರುವುದನ್ನು ಮತ್ತೆ ಹೆಸರಿಸುವುದಿಲ್ಲ. ಇಲ್ಲಿ ಇಂಗ್ಲಿಷ್ ಹೆಚ್ಚುಕಡಿಮೆ ಕನ್ನಡದಂತೆ ವರ್ತಿಸುತ್ತದೆ. 'ಬಳಸುವ ಮುನ್ನ ಚೆನ್ನಾಗಿ ಅಲ್ಲಾಡಿಸಿ' ಎಂಬಲ್ಲಿಯೂ ಕರ್ಮವಿಲ್ಲ.

ಪೊಟ್ಟಣಗೊಂಡ ಸರಕುಗಳ 2011ರ ಕೇಂದ್ರ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಇತರ ಭಾಷೆಗಳನ್ನು ಅದರ ಜೊತೆಗೆ ಬಳಸಬಹುದು. ಕನ್ನಡ ಇಲ್ಲದ ಪೊಟ್ಟಣಗಳೇ ಮನೆಗೆ ಹೆಚ್ಚಾಗಿ ಬರುವುದರಿಂದ ಬಿಟ್ಟುಹೋದ ಕರ್ಮವನ್ನು ಸರಿಯಾಗಿ ತುಂಬಿಕೊಳ್ಳುವುದು ಗೃಹಿಣಿಯರಿಗೂ ಅಗತ್ಯದ ವಿದ್ಯೆ. ಮಕ್ಕಳಿಗೆ ಕೊಡುವ, ಪುಡಿಗೆ ನೀರು ಬೆರೆಸಿ ತಯಾರಿಸುವ ಔಷಧದ ಬಾಟಲಿಯ ಮೇಲೆ ನೀರು ಸೇರಿಸಿ, ಅಲ್ಲಾಡಿಸಿ, ಇಂತಿಷ್ಟು ದಿನಗಳ ನಂತರ 'ಡಿಸ್ಕಾರ್ಡ್' ಮಾಡಿ ಎಂದಿರುತ್ತದೆ. ಅಲ್ಲಾಡಿಸಬೇಕಾದದ್ದು ಬಾಟಲಿಯನ್ನು. ಎಸೆಯಬೇಕಾದದ್ದು ಒಳಗೆ ಉಳಿದ ಔಷಧವನ್ನು. ಎರಡನ್ನೂ ಬರೆದಿರುವುದಿಲ್ಲ. ಉಳಿದ ಔಷಧವನ್ನು ಮುಂದಿನ ಜ್ವರಕ್ಕೆಂದು ಎತ್ತಿಡುವುದು ಅಪಾಯಕಾರಿ.

ಅಡಿಗೆಯ ವಿಧಾನಗಳಲ್ಲಿ ಬಿಟ್ಟ ಕರ್ಮವೆಂದರೆ ಹಿಂದಿನ ಹಂತದಲ್ಲಿ ಸಿದ್ಧವಾದ ಪದಾರ್ಥ. ಬಾಳೆಹಣ್ಣಿನ ರಸಾಯನ ಮಾಡುವ ಬಗೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಸಿಪ್ಪೆ ತೆಗೆಯಿರಿ, ಹೆಚ್ಚಿ, ಬೆಲ್ಲ ಹಾಕಿ, ಕಲಸಿ ಎಂದು ಕರ್ಮವಿಲ್ಲದ ಆಜ್ಞೆಗಳ ಸಾಲನ್ನೇ ಬರೆಯಬಹುದು. 'ನನ್ನ ಅಮ್ಮ ರಸಾಯನ ಮಾಡಿದಳು' ಎಂಬ ಪ್ರಬಂಧದಲ್ಲಿ ಅದೇ ಸಾಲನ್ನು ಭೂತಕಾಲಕ್ಕೆ ತಿರುಗಿಸಿದರೆ ಪ್ರತಿ ಕ್ರಿಯಾಪದಕ್ಕೂ 'ದೆಮ್' ಅಥವಾ 'ಇಟ್' ಸೇರಿಸಬೇಕು.

ಮಕ್ಕಳು ಏನನ್ನು ಎಣಿಸುತ್ತಾರೆ?

ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆರಿಸಿಕೊಂಡದ್ದು ಕನ್ನಡ ಮಾತನಾಡುವ, ಸುಮಾರು ಮೂರು ವರ್ಷದ ಮಕ್ಕಳನ್ನು. ಕನ್ನಡದಲ್ಲಿ ಓಡು–ಓಡಿಸು, ಏರು–ಏರಿಸು ಎಂಬಂತೆ ಮತ್ತೊಬ್ಬರಿಂದ ಕ್ರಿಯೆ ಮಾಡಿಸುವುದನ್ನು 'ಇಸು' ಪ್ರತ್ಯಯ ಸ್ಪಷ್ಟವಾಗಿ ತೋರಿಸುತ್ತದೆ. ವಾಕ್ಯಗಳನ್ನು ಕೇಳಿಸಿ, ಗೊಂಬೆಗಳಿಂದ ಅಭಿನಯಿಸಿ ತೋರಿಸಲು ಮಕ್ಕಳಿಗೆ ಹೇಳಲಾಯಿತು. ಮಕ್ಕಳು ಅವಲಂಬಿಸಿದ್ದು 'ಇಸು' ಪ್ರತ್ಯಯವನ್ನಲ್ಲ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬ ಎಣಿಕೆಯನ್ನು. ಎರಡು ನಾಮಪದಗಳಿದ್ದರೆ ಒಬ್ಬರು ಇನ್ನೊಬ್ಬರಿಗೆ ಏನೋ ಮಾಡಿದಂತೆ ಅಭಿನಯಿಸಿದರು. ಕರ್ಮವನ್ನು ಧಾರಾಳವಾಗಿ ಬಿಡುವ ಭಾಷೆಯಲ್ಲಿ ಬೆಳೆದ ಮಕ್ಕಳೂ ಹೀಗೆ ನಾಮಪದಗಳನ್ನೇ ನಂಬಿದ್ದು ಗಮನಾರ್ಹ. ಇಂಗ್ಲಿಷ್ ಕಲಿಸುವ ಶಿಕ್ಷಕರು ಇದರಿಂದ ಒಂದು ಪ್ರಯೋಜನ ಪಡೆಯಬಹುದೆಂದು ತೋರುತ್ತದೆ. 'ಬ್ರಿಂಗ್ ಎಂದರೆ ತರು' ಎಂದು ಒಂಟಿ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಬದಲು 'ಬ್ರಿಂಗ್ ಇಟ್', 'ಪುಟ್ ಇಟ್ ಹಿಯರ್', 'ಟೆಲ್ ಹರ್' ಎಂದು ಜೋಡಿಯಾಗಿಯೇ ಕಲಿಸಿದರೆ ಕಿವಿಗೆ ಎಣಿಕೆ ಅಭ್ಯಾಸವಾಗುತ್ತದೆ.

ಕಲಿಯುವವರ ಇಂಗ್ಲಿಷ್ ನಿಘಂಟುಗಳು ಪ್ರತಿ ಕ್ರಿಯಾಪದಕ್ಕೂ ಸಕರ್ಮಕ, ಅಕರ್ಮಕ ಎಂಬ ಗುರುತನ್ನು ಅರ್ಥವಾರು ಕೊಡುತ್ತವೆ. ಬಹಳ ವಿದ್ಯಾರ್ಥಿಗಳು ಅರ್ಥವನ್ನು ನೋಡಿ ಪುಟ ಮುಚ್ಚುತ್ತಾರೆ, ಗುರುತನ್ನು ನೋಡುವುದಿಲ್ಲ. ಎರಡೂ ಗುರುತುಗಳಿದ್ದರೆ ಬಿಟ್ಟಾಗ ಅರ್ಥ ಏನಾಗುತ್ತದೆ ಎಂಬುದನ್ನು ಉದಾಹರಣೆಯ ವಾಕ್ಯದಲ್ಲಿ ನೋಡಬೇಕು. ನಿಘಂಟು ಕೈಯಲ್ಲಿಲ್ಲದ ಪರೀಕ್ಷಾ ಕೊಠಡಿಯಲ್ಲಿ ಕನ್ನಡದ ಹಳೆಯ ಪ್ರಶ್ನೆಯೇ ಸಾಕು. ಬರೆದ ವಾಕ್ಯದ ಮುಂದೆ 'ಏನನ್ನು?' ಎಂದು ಕೇಳಿಕೊಳ್ಳಬೇಕು. ಉತ್ತರ 'ಮೇಲೆ ಹೇಳಿದ ಅದನ್ನೇ' ಎಂದಾದರೆ, ಅದು ವಸ್ತುವೋ ವ್ಯಕ್ತಿಯೋ ಆಗಿದ್ದರೆ, ಸರ್ವನಾಮವನ್ನು ಬರೆಯಬೇಕು. 'ಏನನ್ನಾದರೂ' ಎಂದಾದರೆ ಬಿಡುವ ಅವಕಾಶ ಇದ್ದೀತು. ಸಂದೇಹವಿದ್ದಲ್ಲಿ ಬರೆಯುವುದೇ ಲೇಸು, ಹೆಚ್ಚಾದ 'ಇಟ್' ಒಂದಕ್ಕಿಂತ ಕಡಿಮೆಯಾದ 'ಇಟ್' ಎದ್ದು ಕಾಣುತ್ತದೆ.

ಇನ್ನು 'ಎಂಜಾಯ್' ಕ್ರಿಯಾಪದದ ಬಗ್ಗೆ ಒಂದು ಮಾತು. ಮೈಸೂರು ದಸರಾಕ್ಕೆ ಹೋಗಿಬಂದ ಮಕ್ಕಳು 'ವಿ ಎಂಜಾಯ್ಡ್ ವೆರಿ ಮಚ್' ಎಂದು ಬರೆಯುವುದು ಸರ್ವೇಸಾಮಾನ್ಯ. ಹೋಟೆಲಿನ ಪರಿಚಾರಕರು ತಟ್ಟೆಯನ್ನು ಮೇಜಿನ ಮೇಲಿಟ್ಟು 'ಎಂಜಾಯ್!' ಎನ್ನುವುದು ಇಂಗ್ಲಿಷ್ ನಾಡುಗಳಲ್ಲಿಯೇ ರೂಢಿಗೆ ಬಂದಿದೆ, ನಿಘಂಟುಗಳೂ ಅದನ್ನು ದಾಖಲಿಸಿವೆ. ಆದರೆ ಆ ಸವಲತ್ತು ಆಜ್ಞಾರ್ಥಕ್ಕೆ ಮಾತ್ರ ಸಿಕ್ಕಿದೆ. ಭೂತಕಾಲದ ವಾಕ್ಯದಲ್ಲಿ ಇಂದಿಗೂ 'ವಿ ಎಂಜಾಯ್ಡ್ ಇಟ್' ಅಥವಾ 'ವಿ ಎಂಜಾಯ್ಡ್ ಅವರ್‌ಸೆಲ್ವ್ಸ್' ಎಂದೇ ಬರೆಯಬೇಕು.